ಬಂದರಿನಲ್ಲಿ ಬಿಲ್ಲು ಮಾಡುವ ಕೆಲಸ

ಮದುವೆ ಮನೆಗಳಲ್ಲಿ ಯಾರಾದರೂ "ಎಲ್ಲಿ ಕೆಲಸ?" ಅಂತ ಕೇಳುತ್ತಾರೆ. "ಮಂಗಳೂರಲ್ಲಿ, ಕಂಪ್ಯೂಟರ್ ಆಪರೇಟರ್" ಅಂದರೆ ಎರಡು ಥರದ ಮುಖ ನೋಡಲು ಸಿಗುತ್ತದೆ. ವಯಸ್ಸಾದವರು ಕೊಟ್ಟಾರದ ಇನ್ಫೋಸಿಸ್ ಅಂದುಕೊಂಡು ಖುಷಿಪಡುತ್ತಾರೆ. ಎಳೆಯರು "ಓ, ಟೈಪಿಂಗಾ" ಅಂದು ಪಾಯಸದ ಕಡೆ ತಿರುಗುತ್ತಾರೆ. ನನಗೆ ಇಬ್ಬರ ಮೇಲೂ ಸಿಟ್ಟಿಲ್ಲ. ಆದರೆ ಈ ಸಲ ಪಿಯುಸಿ ಫಲಿತಾಂಶ ಬಂದ ಮೇಲೆ ನನ್ನ ಅಕ್ಕನ ಮಗಳು, ಅವಳ ಗೆಳತಿಯರು, ಪಕ್ಕದ ಮನೆಯ ಹುಡುಗ, ಎಲ್ಲರೂ "ಆ ಕೆಲಸಕ್ಕೆ ಸೇರುವುದು ಹೇಗೆ?" ಅಂತ ಕೇಳಲು ಶುರು ಮಾಡಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋವಾಯಿತು. ಅದಕ್ಕೇ ಬರೆದುಬಿಡುತ್ತೇನೆ.

ನಮ್ಮ ಮನೆ ಹಳೆಯಂಗಡಿಯಲ್ಲಿ. ಬೆಳಿಗ್ಗೆ ಉಡುಪಿ ಕಡೆಯಿಂದ ಬರುವ ಬಸ್ಸು ಹಿಡಿದು ಸ್ಟೇಟ್‌ಬ್ಯಾಂಕಿನಲ್ಲಿ ಇಳಿದರೆ ಅಲ್ಲಿಂದ ಬಂದರಿಗೆ ನಡೆಯುವ ದಾರಿ. ಬಂದರು ಅಂದಕೂಡಲೇ ಹೊರಗಿನವರ ತಲೆಗೆ ಹಡಗು ಬರುತ್ತದೆ. ದೊಡ್ಡ ಹಡಗುಗಳು ಪಣಂಬೂರಿನ ಹೊಸ ಬಂದರಿಗೆ ಹೋಗಿ ಎಷ್ಟೋ ಕಾಲವಾಯಿತು. ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮರದ ಹಡಗುಗಳು, ನಾವು ಮಂಜಿ ಅನ್ನುವುದು, ಅವು ಮಾತ್ರ ಇನ್ನೂ ಇಲ್ಲಿಂದ ಹೊರಡುತ್ತವೆ. ಉಳಿದದ್ದೆಲ್ಲ ಹೋಲ್‌ಸೇಲ್ ಪೇಟೆ. ಅಕ್ಕಿ, ಬೇಳೆ, ಮೆಣಸು, ಬೆಲ್ಲ, ಖರ್ಜೂರ, ಗೋಡಂಬಿ. ನಾನಿರುವುದು ಅಂಥದೇ ಒಂದು ಜೀನಸಿನ ಹೋಲ್‌ಸೇಲ್ ಅಂಗಡಿಯಲ್ಲಿ.

ನನ್ನ ಟೇಬಲ್ ಗಲ್ಲಾದ ಪಕ್ಕ. ಧಣಿಗಳು ಫೋನಿನಲ್ಲಿ ಕೊಂಕಣಿ, ಲೋಡಿಂಗ್‌ನವರ ಹತ್ತಿರ ತುಳು, ಉಳ್ಳಾಲದ ಗಿರಾಕಿ ಬಂದರೆ ಬ್ಯಾರಿ, ಹೊರಗಿನ ಪಾರ್ಟಿಗೆ ಹಿಂದಿ. ಇದರ ನಡುವೆ ನನ್ನ ಕೈಗೆ ಒಂದು ಚೀಟಿ ಬರುತ್ತದೆ. ಕೆಲವೊಮ್ಮೆ ಬೀಡಿ ಕಟ್ಟಿನ ಕಾಗದವೂ ಆದೀತು. ಅದರಲ್ಲಿ "ಕು 26 - 40, ಬೆಳ್ತಿಗೆ 25 - 10, ಖ 5" ಅಂತ ಬರೆದಿರುತ್ತದೆ. ಇದನ್ನು ಬಿಲ್ಲು ಮಾಡಬೇಕು. ಹೊರಗೆ ಲಾರಿ ನಿಂತಿದೆ. ಅದರ ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತಿದೆ. "ಅಕ್ಕಾ, ಬಿಲ್ಲ್ ಆಂಡಾ?" (ಬಿಲ್ಲು ಆಯಿತಾ?) ಅಂತ ಡ್ರೈವರ್ ಎರಡು ಸಲ ಇಣುಕಿ ಹೋಗಿಯಾಗಿದೆ.

ಈಗ ಆ ಚೀಟಿ ನೋಡೋಣ. "ಕು" ಅಂದರೆ ಕುಚ್ಚಲಕ್ಕಿ, 26 ಕಿಲೋ ಚೀಲ, 40 ಚೀಲ. ಬೆಳ್ತಿಗೆ ಅಂದರೆ ಬಿಳಿ ಅಕ್ಕಿ, 25 ಕಿಲೋದ್ದು, 10 ಚೀಲ. ಅಕ್ಕಿ ಚೀಲ 26 ಕಿಲೋ ಯಾಕೆ ಬಂತು ಅಂತ ಯೋಚಿಸಿದ್ದೀರಾ? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ಆದರೆ 25 ಕಿಲೋವರೆಗಿನ ಚೀಲಕ್ಕೆ ಮಾತ್ರ. ಅದಕ್ಕಿಂತ ಮೇಲಿನದಕ್ಕೆ ತೆರಿಗೆ ಇಲ್ಲ. ಮಿಲ್ಲಿನವರು ಬುದ್ಧಿವಂತರು, ಒಂದು ಕಿಲೋ ಜಾಸ್ತಿ ತುಂಬಿದರು. ಹಾಗಾಗಿ ಒಂದೇ ಮಿಲ್ಲಿನ ಒಂದೇ ಅಕ್ಕಿ, ಒಂದು ಚೀಲಕ್ಕೆ ತೆರಿಗೆ ಉಂಟು, ಇನ್ನೊಂದಕ್ಕೆ ಇಲ್ಲ. ನಾವು ಲೆಕ್ಕಕ್ಕೆ ಬಳಸುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಇವೆರಡೂ ಬೇರೆ ಬೇರೆ ಐಟಂ. ಹೆಸರು ಮಾತ್ರ ಒಂದರ ಕೆಳಗೆ ಒಂದು, ಅಣ್ಣತಮ್ಮಂದಿರ ಹಾಗೆ ಕೂತಿರುತ್ತವೆ. ಅವಸರದಲ್ಲಿ ಕೆಳಗಿನ ಬಾಣದ ಕೀ ಒಂದು ಸಲ ಜಾಸ್ತಿ ಒತ್ತಿದರೆ ಬಿಲ್ಲು ಪೂರ್ತಿ ತಪ್ಪು.

ಆಮೇಲೆ ಪಾರ್ಟಿ ಎಲ್ಲಿಯದು ಅಂತ ನೋಡಬೇಕು. ಮಂಜೇಶ್ವರದ ಅಂಗಡಿಯವರು ನಮ್ಮ ಹಳೇ ಗಿರಾಕಿಗಳು. ಮಧ್ಯಾಹ್ನ ಊಟ ಮಾಡಿ ಹೊರಟು ಚಹಾದ ಹೊತ್ತಿಗೆ ಮಾಲು ಕೊಂಡುಹೋಗುವಷ್ಟು ಹತ್ತಿರ. ಆದರೆ ತಲಪಾಡಿ ದಾಟಿದರೆ ಕೇರಳ. ಹಾಗಾಗಿ ಅವರ ಬಿಲ್ಲಿಗೆ ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯಕ್ಕೆ ಮಾರಿದರೆ ಹಾಕುವ ತೆರಿಗೆ. ಬೆಂಗಳೂರು ಎಷ್ಟು ದೂರ ಇದ್ದರೂ ನಮ್ಮದೇ ರಾಜ್ಯ, ಅದಕ್ಕೆ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ. ಹೊಸಬರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ, ಯಾಕೆಂದರೆ ನಮ್ಮ ಕಡೆಯವರಿಗೆ ಕಾಸರಗೋಡು ಯಾವತ್ತೂ ಬೇರೆ ರಾಜ್ಯ ಅನ್ನಿಸಿದ್ದೇ ಇಲ್ಲ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿದರೆ ಸಾಕು. 29 ಇದ್ದರೆ ಕರ್ನಾಟಕ, 32 ಇದ್ದರೆ ಕೇರಳ, ಮಂಜಿಯಲ್ಲಿ ಹೋಗುವ ಲಕ್ಷದ್ವೀಪದ ಮಾಲಿಗೆ 31. ನಂಬರಿನಲ್ಲಿ ಒಟ್ಟು 15 ಅಕ್ಷರ. ಮಧ್ಯದ ಹತ್ತು ಪಾರ್ಟಿಯ ಪ್ಯಾನ್. ಕೊನೆಯದು ಮೊದಲ ಹದಿನಾಲ್ಕನ್ನು ಲೆಕ್ಕ ಹಾಕಿ ಬರುವ ತಪಾಸಣೆ ಅಕ್ಷರ. ಒಂದಂಕಿ ತಪ್ಪಿದರೆ ಪೋರ್ಟಲ್ ಒಪ್ಪುವುದಿಲ್ಲ. ಮನುಷ್ಯರಿಗೂ ಇಂಥದೊಂದು ಇದ್ದಿದ್ದರೆ ಅಂತ ಧಣಿಗಳು ಒಮ್ಮೊಮ್ಮೆ ಹೇಳುವುದುಂಟು, ಬಾಕಿ ಕೊಡದ ಗಿರಾಕಿಗಳನ್ನು ನೆನೆದು.

ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಪೋರ್ಟಲಿನಲ್ಲಿ ಮಾಡುವ ಚೀಟಿ. ಇದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಮಾಲು, ಬೆಲೆ, ಕೊಡುವವರು, ತೆಗೆದುಕೊಳ್ಳುವವರು. ಎರಡನೆಯದರಲ್ಲಿ ಗಾಡಿ ನಂಬರು. 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಹಾಸನ ಅಷ್ಟರೊಳಗೆ ಬರುತ್ತದೆ, ಒಂದೇ ದಿನ ಸಿಗುತ್ತದೆ. ಬೇಸಿಗೆಯಲ್ಲಿ ಇದರ ನೆನಪೇ ಬರುವುದಿಲ್ಲ. ಜುಲೈ ಬರಲಿ ನೋಡಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿ ಗುಂಡ್ಯದಲ್ಲಿ ನಿಲ್ಲುತ್ತದೆ, ಇಲ್ಲವೇ ತಿರುಗಿ ಚಾರ್ಮಾಡಿ ಕಡೆ ಹೋಗುತ್ತದೆ, ಅಲ್ಲಿ ದೊಡ್ಡ ಗಾಡಿ ಬಿಡುತ್ತಾರೋ ಇಲ್ಲವೋ ಆ ದಿನದ ಆದೇಶ ನೋಡಬೇಕು. ಅಷ್ಟರಲ್ಲಿ ಇ-ವೇ ಬಿಲ್ಲಿನ ಅವಧಿ ಮುಗಿಯುತ್ತದೆ. ವಿಸ್ತರಿಸಲು ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ಆಮೇಲಿನವರೆಗೆ ಮಾತ್ರ ಅವಕಾಶ. ಅವಧಿ ಮುಗಿಯುವುದು ನಡುರಾತ್ರಿ. ಹಾಗಾಗಿ ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ನಿಂತು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು "ಈಗ ಗಾಡಿ ಎಲ್ಲಿ ಉಂಟು ಮಾರಾಯ್ರೆ?" ಅಂತ ಡ್ರೈವರನ್ನು ಕೇಳುವುದು ನನ್ನ ಕೆಲಸದ ಒಂದು ಭಾಗ. ಗಾಡಿ ಕೆಟ್ಟು ಮಾಲು ಬೇರೆ ಲಾರಿಗೆ ಹಾಕಿದರೆ ಆ ಹೊಸ ನಂಬರನ್ನೂ ಹಾಕಬೇಕು. ದಾರಿಯಲ್ಲಿ ತಪಾಸಣೆ ಮಾಡುವವರು ಮೊದಲು ನೋಡುವುದೇ ಅದನ್ನು.

2025ರ ಸೆಪ್ಟೆಂಬರ್ 21 ನನಗೆ ಮರೆಯುವುದಿಲ್ಲ. ಅವತ್ತು ಭಾನುವಾರ. ಮರುದಿನ ನವರಾತ್ರಿ ಶುರು, ಮರುದಿನವೇ ಹೊಸ ಜಿಎಸ್‌ಟಿ ದರ ಶುರು. ಖರ್ಜೂರ, ಬಾದಾಮಿ, ಪಿಸ್ತಾ 12ರಿಂದ 5ಕ್ಕೆ. ತುಪ್ಪ 12ರಿಂದ 5ಕ್ಕೆ. ಬಿಸ್ಕತ್ತು, ಸ್ನಾನದ ಸೋಪು 18ರಿಂದ 5ಕ್ಕೆ. ಗೋಡಂಬಿ ಮೊದಲೇ 5ರಲ್ಲಿತ್ತು, ಅದು ಹಾಗೇ. ಟಿವಿಯಲ್ಲಿ ಎಲ್ಲರೂ ಬೆಲೆ ಇಳಿಯಿತು ಅಂತ ಸಂಭ್ರಮಿಸುತ್ತಿದ್ದರು. ಬಂದರಿನಲ್ಲಿ ಅರ್ಧ ಬಾಗಿಲು ತೆರೆದ ಅಂಗಡಿಗಳೊಳಗೆ ನನ್ನಂಥವರು ಕೂತು ಒಂದೊಂದೇ ಐಟಂ ತೆರೆದು ದರ ಬದಲಿಸುತ್ತಿದ್ದೆವು. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಹಳೇ ದರದ ಮೇಲೆಯೇ ಹೊಸದನ್ನು ಬರೆಯಬಾರದು. "ಯಾವ ದಿನಾಂಕದಿಂದ" ಅಂತ ಸೆಪ್ಟೆಂಬರ್ 22 ಹಾಕಿ ಹೊಸ ಸಾಲು ಸೇರಿಸಬೇಕು. ಇಲ್ಲದಿದ್ದರೆ ಆಗಸ್ಟಿನ ಬಿಲ್ಲು ಯಾವಾಗಲಾದರೂ ತೆರೆದಾಗ ಅದರ ತೆರಿಗೆಯೂ ಬದಲಾಗಿ ಕೂರುತ್ತದೆ. 22ರ ಮೊದಲು ಮಾರಿದ ಖರ್ಜೂರ ವಾಪಸ್ ಬಂದರೆ ಕ್ರೆಡಿಟ್ ನೋಟಿಗೆ ಹಳೇ 12ನ್ನೇ ಹಾಕಬೇಕು. ಇದನ್ನು ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಲೆಕ್ಕಪರಿಶೋಧಕರ ಆಫೀಸಿನ ಹುಡುಗನೊಬ್ಬ ಫೋನಿನಲ್ಲಿ ಹೇಳಿದ.

ಇಷ್ಟುದ್ದ ಯಾಕೆ ಬರೆದೆ ಅಂದರೆ, ಕೇಳಲು ಬರುವ ಮಕ್ಕಳೆಲ್ಲ "ಕಂಪ್ಯೂಟರ್ ಕಲಿತರೆ ಕೆಲಸ ಸಿಗುತ್ತದಾ?" ಅಂತಲೇ ಕೇಳುತ್ತಾರೆ. ಮೇಲೆ ಹೇಳಿದ್ದರಲ್ಲಿ ಕಂಪ್ಯೂಟರಿನದ್ದು ಎಷ್ಟಿದೆ ನೋಡಿ. ಎಂಟನೇ ಫಂಕ್ಷನ್ ಕೀ ಒತ್ತಿದರೆ ಸೇಲ್ಸ್, ಒಂಬತ್ತು ಪರ್ಚೇಸ್, ಐದು ಪಾವತಿ, ಆರು ಜಮೆ. ಇದನ್ನು ಒಂದು ವಾರದಲ್ಲಿ ಯಾರೂ ಕಲಿಯಬಹುದು. ಉಳಿದದ್ದೆಲ್ಲ ಅಕ್ಕಿಯದ್ದು, ಗಡಿಯದ್ದು, ಘಾಟಿಯದ್ದು. ಸಂಬಳ ಸಿಗುವುದೂ ಅದಕ್ಕೇ.

ನಾನು ಬಂದರಿಗೆ ಬರುವ ಮೊದಲು ಹಂಪನಕಟ್ಟೆ ಹತ್ತಿರ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿದ್ದೆ. ಅಂಗಡಿ ನಡೆಸುತ್ತಿದ್ದವರು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದವರು. ಎಲ್ಲರೂ ಅವರನ್ನು "ಟೀಚರ್" ಅಂತಲೇ ಕರೆಯುತ್ತಿದ್ದರು, ವಕೀಲರು ಕೂಡ. ಕೀಬೋರ್ಡ್ ನೋಡಿ ಟೈಪ್ ಮಾಡಿದರೆ ನನ್ನ ಕೈ ಮೇಲೆ ಟವೆಲ್ ಹಾಕಿಬಿಡುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಚೀಟಿ ಮೇಲೆ ಕಣ್ಣಿಟ್ಟೇ ಬಿಲ್ಲು ಮುಗಿಸುವಾಗ ಅವರ ನೆನಪಾಗುತ್ತದೆ.

ಅಲ್ಲಿ ಕಲಿತದ್ದು ನುಡಿ, ಕನ್ನಡ ಟೈಪ್ ಮಾಡುವ ತಂತ್ರಾಂಶ. ನುಡಿಯ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ನಮ್ಮ ಕಿನ್ನಿಕಂಬಳದವರು, ಇದನ್ನು ಟೀಚರ್ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದರು. ಕ ಬೇಕಾದರೆ ಕೆ, ಮ ಬೇಕಾದರೆ ಎಂ, ಹೀಗೆ ಮುಕ್ಕಾಲು ಭಾಗ ಊಹಿಸಿಯೇ ಹೊಡೆಯಬಹುದು. ಉಳಿದದ್ದು ಬಾಯಿಪಾಠ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಷ ಬೇಕಾದರೆ ಎಕ್ಸ್. ಒತ್ತಕ್ಷರಕ್ಕೆ ಎಫ್. ಅರ್ಕಾವತ್ತಿಗೆ ಶಿಫ್ಟ್ ಹಿಡಿದು ಎಫ್. ಬೆರಳಿಗೆ ಇದು ಕೂರಲು ಎರಡು ಮೂರು ತಿಂಗಳು ಬೇಕು, ಕೂತ ಮೇಲೆ ಹೋಗುವುದಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಹೊಡೆದು ಕನ್ನಡ ಬರಿಸುವವರಿಗೆ ಇದು ಹಳೇ ಕಾಲದ್ದು ಅನ್ನಿಸಬಹುದು. ಆದರೆ ಇವತ್ತಿಗೂ ವಕೀಲರ ಆಫೀಸು, ಪ್ರಿಂಟಿಂಗ್ ಪ್ರೆಸ್ಸು, ಸರ್ಕಾರಿ ಕಚೇರಿ ಕಡೆ ಕೆಲಸ ಕೇಳಿದರೆ ಮೊದಲ ಪ್ರಶ್ನೆ "ನುಡಿ ಬರುತ್ತದಾ?"

ಹಳೇ ನುಡಿ ಫೈಲುಗಳ ಕಥೆಯೇ ಬೇರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ನ ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ ಬರುತ್ತದೆ, ಉಳಿದದ್ದು ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು. ಗಿರಾಕಿ ಗಾಬರಿಯಾಗಿ "ವೈರಸ್ಸಾ ಮೇಡಂ?" ಅನ್ನುತ್ತಾರೆ. ವೈರಸ್ಸಲ್ಲ. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ರೂಪಕ್ಕೆ ಪರಿವರ್ತಿಸಿ, ಆಮೇಲೆ ಕೂತು ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಪರಿವರ್ತನೆಯಲ್ಲಿ ಅವು ಪಕ್ಕದ ಅಕ್ಷರಕ್ಕೆ ಹಾರಿರುವುದುಂಟು. ಇದನ್ನು ತಾಳ್ಮೆಯಿಂದ ಮಾಡುವವರಿಗೆ ನಮ್ಮ ಊರಲ್ಲಿ ಯಾವಾಗಲೂ ಕೆಲಸ ಇದ್ದೇ ಇರುತ್ತದೆ.

ಆ ಅಂಗಡಿ ಬದುಕಿದ್ದೇ ಒಂದು ಥರದ ಅಫಿಡವಿಟ್‌ನಿಂದ. "ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ" ಅನ್ನುವುದು. ಡಿಸೋಜರಿಗೆ ಇಂಗ್ಲಿಷಿನಲ್ಲಿ ಡಿ ಆದ ಮೇಲೆ ಒಂದು ಮೇಲ್ಚುಕ್ಕೆ (ಅಪಾಸ್ಟ್ರಫಿ) ಉಂಟಲ್ಲ, ಒಂದು ಕಡೆ ಕಂಪ್ಯೂಟರ್ ಅದನ್ನು ತೆಗೆದುಕೊಳ್ಳುತ್ತದೆ, ಇನ್ನೊಂದು ಕಡೆ ತೆಗೆದುಕೊಳ್ಳುವುದಿಲ್ಲ. ಆಗ ಯಾರೋ ಅಲ್ಲಿ ಖಾಲಿ ಜಾಗ ಬಿಡುತ್ತಾರೆ, ಇನ್ಯಾರೋ ಕೂಡಿಸಿ ಬರೆಯುತ್ತಾರೆ. ಆಧಾರಿನಲ್ಲಿ ಒಂದು, ಪ್ಯಾನ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಅಜ್ಜಿಯ ಹಳೇ ಜಾಗದ ಕಾಗದದಲ್ಲಿ ಹೆಂಗಸರ ರೂಪದಲ್ಲಿ ಶೆಡ್ತಿ ಅಂತ, ಪೂಜಾರ್ತಿ ಅಂತ ಇರುತ್ತದೆ. ಆಧಾರಿನಲ್ಲಿ ಶೆಟ್ಟಿ, ಪೂಜಾರಿ. ಅಬ್ದುಲ್ ಖಾದರ್ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಅಂತ ಗಲ್ಫಿಗೆ ಹೊರಟವರ ಫೈಲು ನೋಡಿದರೆ ಗೊತ್ತಾಗುತ್ತದೆ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮಂಗಳೂರು ಮಂಗಳೂರೇ ಆಗಿದೆ. ಆದರೆ ಅದಕ್ಕೂ ಮೊದಲಿನ ಕಾಗದಗಳಲ್ಲಿ ಹಳೆಯ ರೂಪವೇ ಇದೆ. ಯಾವುದನ್ನೂ ನಾವು ತಿದ್ದುವಂತಿಲ್ಲ. ಮೂಲ ಕಾಗದದಲ್ಲಿ ಹೇಗಿದೆಯೋ ಹಾಗೇ ಹೊಡೆಯಬೇಕು, ತಪ್ಪು ಇದ್ದರೂ.

ಟೀಚರ್ ಪ್ರಿಂಟ್ ಕೊಡುವ ಮೊದಲು ಪ್ರತಿ ಸರ್ವೆ ನಂಬರನ್ನೂ, ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ಗಿರಾಕಿ ಕೇಳಿಸಿಕೊಳ್ಳಬೇಕು, ಹೌದು ಅನ್ನಬೇಕು. ಎಷ್ಟೇ ಕ್ಯೂ ಇದ್ದರೂ ಇದು ತಪ್ಪುತ್ತಿರಲಿಲ್ಲ. ಜೂನಿನಲ್ಲಿ ಶಾಲೆ ಕಾಲೇಜಿನ ಅಡ್ಮಿಷನ್ ಸಮಯ, ಜಾತಿ ಆದಾಯ ಪತ್ರಕ್ಕೆ ಬರುವವರ ಸಾಲು ಮೆಟ್ಟಿಲಿನವರೆಗೆ ಇರುತ್ತಿತ್ತು. ಆಗಲೂ ಓದಿಸುತ್ತಿದ್ದರು. ನಾನು ಇವತ್ತಿಗೂ ಗಾಡಿ ನಂಬರನ್ನು ಡ್ರೈವರಿನ ಎದುರು ಗಟ್ಟಿಯಾಗಿ ಓದುತ್ತೇನೆ.

ಈಗ ಸೇರುವುದು ಹೇಗೆ ಅನ್ನುವ ವಿಷಯ.

ಎಸ್ಎಸ್ಎಲ್‌ಸಿ ಆದವರಿಗೆ ಐಟಿಐಯಲ್ಲಿ ಕೋಪಾ ಅಂತ ಒಂದು ವರ್ಷದ ಕೋರ್ಸ್ ಉಂಟು. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಅಂತ ಪೂರ್ತಿ ಹೆಸರು. ಅಪ್ರೆಂಟಿಸ್ ಜಾಹೀರಾತುಗಳಲ್ಲಿ ಇದನ್ನು ಹೆಸರು ಹೇಳಿಯೇ ಕೇಳುತ್ತಾರೆ. ಫೀಸು ಕಟ್ಟಲು ಕಷ್ಟ ಇದ್ದವರು ರುಡ್‌ಸೆಟ್ ಸಂಸ್ಥೆಗಳನ್ನು ವಿಚಾರಿಸಿ. ಉಜಿರೆಯದ್ದು 1982ರಲ್ಲಿ ಶುರುವಾದದ್ದು, ಬ್ರಹ್ಮಾವರದಲ್ಲೂ ಒಂದಿದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಕಂಪ್ಯೂಟರಿನ ಬ್ಯಾಚ್ ಯಾವಾಗ ಅಂತ ಫೋನ್ ಮಾಡಿ ಕೇಳಬೇಕು. ಬೇರೆ ಯಾವ ಖಾಸಗಿ ಸೆಂಟರಿಗೆ ಹೋದರೂ ಸರ್ಟಿಫಿಕೇಟಿನ ಬಣ್ಣ ನೋಡಬೇಡಿ. ಒಂದು ಕುರ್ಚಿಗೆ ಒಂದು ಕಂಪ್ಯೂಟರ್ ಉಂಟಾ, ದಿನಕ್ಕೆ ಒಂದು ಗಂಟೆ ನಿಜವಾಗಿ ಕೈಗೆ ಸಿಗುತ್ತದಾ, ಅದನ್ನು ನೋಡಿ.

ಟೈಪಿಂಗ್ ಪರೀಕ್ಷೆ ಕಟ್ಟಿದರೆ ಒಳ್ಳೆಯದು. ಕನ್ನಡ, ಇಂಗ್ಲಿಷ್ ಎರಡಕ್ಕೂ ಜೂನಿಯರ್, ಸೀನಿಯರ್ ಅಂತ ಉಂಟು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯವರು ನಡೆಸುತ್ತಾರೆ. ಸರ್ಕಾರಿ ಕೆಲಸದ ಆಸೆ ಇದ್ದವರಿಗೆ ಇದು ಬೇಕಾಗುತ್ತದೆ. ಕೇಂದ್ರದ ಎಸ್ಎಸ್‌ಸಿ (ಸಿಬ್ಬಂದಿ ನೇಮಕಾತಿ ಆಯೋಗ) ಪರೀಕ್ಷೆ ಪಿಯುಸಿ ಆದವರು ಬರೆಯಬಹುದು. ಅದರಲ್ಲಿ ಡಾಟಾ ಎಂಟ್ರಿ ಆಪರೇಟರ್ ಹುದ್ದೆಗೆ ಗಂಟೆಗೆ 8,000 ಕೀ ಒತ್ತುವ ವೇಗ ಕೇಳುತ್ತಾರೆ. ದೊಡ್ಡ ಸಂಖ್ಯೆ ಅಂತ ಹೆದರಬೇಡಿ. ನೋಡದೆ ಹೊಡೆಯುವ ಅಭ್ಯಾಸ ಇದ್ದರೆ ಆಗುತ್ತದೆ, ನೋಡಿ ಹೊಡೆಯುವವರಿಗೆ ಕಷ್ಟ. ಮತ್ತೆ, ಅಂಕಿಗಳಿಗೆ ಬಲಗಡೆಯ ನಂಬರ್ ಪ್ಯಾಡ್ ಬಳಸಿ. ಅದರ 5ರ ಮೇಲೆ ಒಂದು ಸಣ್ಣ ಉಬ್ಬು ಇದೆ, ಮಧ್ಯದ ಬೆರಳು ಅಲ್ಲಿಗೆ. ಆಫೀಸಿನಲ್ಲಿ ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್ ಕೊಟ್ಟರೆ ನಾಚಿಕೆ ಬಿಟ್ಟು ಬೇರೆ ಕೀಬೋರ್ಡ್ ಕೇಳಿ.

ಎಕ್ಸೆಲ್ ಅಗತ್ಯ. ಎರಡು ಪಟ್ಟಿ ಕೊಟ್ಟು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಹುಡುಕಲು ಬಂದರೆ ನೀವು ಅರ್ಧ ಗೆದ್ದ ಹಾಗೆ. ಇಂಟರ್‌ವ್ಯೂನಲ್ಲಿ ನಾನು ಅದನ್ನೇ ಕೇಳುವುದು. ಈಗ ಅಂಗಡಿಗೆ ಹೊಸಬರನ್ನು ತೆಗೆದುಕೊಳ್ಳುವಾಗ ಧಣಿಗಳು ನನ್ನನ್ನೂ ಕೂರಿಸುತ್ತಾರೆ. ಒಂದು ಕೈಬರಹದ ಚೀಟಿ ಕೊಡುತ್ತೇನೆ. ಅದರಲ್ಲಿ ಒಂದು ಅಕ್ಷರ ಸರಿ ಕಾಣದ ಹಾಗೆ ಬರೆದಿರುತ್ತೇನೆ. "ಇದು ಏನು?" ಅಂತ ಕೇಳುವವರನ್ನು ತೆಗೆದುಕೊಳ್ಳುತ್ತೇವೆ. ಊಹಿಸಿ ಹೊಡೆಯುವವರು ಎಷ್ಟೇ ಸ್ಪೀಡ್ ಇದ್ದರೂ ಬೇಡ.

ಕೆಲಸ ಎಲ್ಲಿರುತ್ತದೆ ಅಂದರೆ, ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ಹುಡುಕುವುದು ಕಷ್ಟವಿಲ್ಲ. ಸಹಕಾರಿ ಸೊಸೈಟಿಗಳು ಮೂಲೆಮೂಲೆಯಲ್ಲಿವೆ. ದಿನಾ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ಶುರುವಾದದ್ದೇ ಉಡುಪಿಯಲ್ಲಿ, 1928ರಲ್ಲಿ, ಸಿಂಡಿಕೇಟ್ ಬ್ಯಾಂಕಿನಿಂದ. ಆ ಬ್ಯಾಂಕು 2020ರಲ್ಲಿ ಕೆನರಾದ ಜೊತೆ ಸೇರಿತು, ಪಿಗ್ಮಿ ಮಾತ್ರ ಸೊಸೈಟಿಗಳಲ್ಲಿ ಇನ್ನೂ ಓಡುತ್ತಿದೆ, ಸಂಜೆ ಅದನ್ನು ಲೆಕ್ಕಕ್ಕೆ ಹಾಕಲು ಒಬ್ಬರು ಬೇಕೇ ಬೇಕು. ಆಸ್ಪತ್ರೆಗಳ ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್. ಮಲ್ಪೆಯಲ್ಲಿ ಐಸ್ ಪ್ಲಾಂಟ್, ಮೀನಿನ ಕಂಪನಿಗಳು. ಮಣಿಪಾಲದ ಕಡೆ ಪ್ರೆಸ್ಸುಗಳು. ಪಂಚಾಯತಿ, ನಾಡಕಚೇರಿ, ಗ್ರಾಮ ಒನ್. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಗ್ರಾಮ ಒನ್‌ನಲ್ಲಿದ್ದ ನನ್ನ ಗೆಳತಿ ಸರ್ವರ್ ಬರುವುದನ್ನು ಕಾಯುತ್ತಾ ಊಟದ ಡಬ್ಬ ಹಾಗೇ ಮನೆಗೆ ವಾಪಸ್ ತರುತ್ತಿದ್ದಳು. ಜನ ಬೈಯುವುದು ಸರ್ವರಿಗಲ್ಲ, ಎದುರು ಕೂತವಳಿಗೆ.

ಮೊದಲ ಕೆಲಸಕ್ಕೆ ನನ್ನನ್ನು ಕೇಳಿದರೆ, ಚಾರ್ಟರ್ಡ್ ಅಕೌಂಟೆಂಟರ ಆಫೀಸಿಗೆ ಸೇರಿ ಅನ್ನುತ್ತೇನೆ. ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೆ ಒಂದೇ ವರ್ಷದಲ್ಲಿ ಗೇರುಬೀಜದ ಫ್ಯಾಕ್ಟರಿ, ಮೆಡಿಕಲ್ ಶಾಪ್, ಬಸ್ಸಿನವರು, ಕಾಂಟ್ರಾಕ್ಟರು, ಎಲ್ಲರ ಲೆಕ್ಕ ಕೈಮೇಲೆ ಹೋಗುತ್ತದೆ. ಆಮೇಲೆ ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಬೆಳೆಯಬಹುದು. ಹತ್ತು ವರ್ಷ ಬರೀ "ಡಾಟಾ ಎಂಟ್ರಿ" ಅಂತ ಇದ್ದವರ ಸಂಬಳ ಹೆಚ್ಚಾದದ್ದನ್ನು ನಾನು ನೋಡಿಲ್ಲ.

ದುಡ್ಡಿನ ಮಾತು. ನಮ್ಮ ಬಂದರಿನಲ್ಲಿ ಹೊಸಬರಿಗೆ 12,000, 13,000 ಕೊಡುತ್ತಾರೆ. ಬಸ್ಸಿನ ಪಾಸು, ಮಧ್ಯಾಹ್ನದ ಊಟ ಕಳೆದರೆ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸೇರುವ ದಿನವೇ ಪಿಎಫ್, ಇಎಸ್ಐ (ನೌಕರರ ವಿಮೆ) ಕೇಳಿ. ತಿಂಗಳಿಗೆ 21,000ದವರೆಗೆ ಸಂಬಳ ಇದ್ದವರಿಗೆ ಇಎಸ್ಐ ಅನ್ವಯ. ನಿಮ್ಮ ಸಂಬಳದಿಂದ ಹೋಗುವುದು 0.75% ಮಾತ್ರ, 3.25% ಕೊಡುವವರು ಧಣಿಗಳು. ಹೊರಗುತ್ತಿಗೆ ಏಜೆನ್ಸಿ ಮೂಲಕ ಸೇರುವವರಂತೂ ಪಿಎಫ್‌ನ ಯುಎಎನ್ ನಂಬರು ತೆಗೆದುಕೊಂಡು, ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ಪ್ರತಿ ತಿಂಗಳು ನೋಡಿ. ನನ್ನ ಒಬ್ಬ ಪರಿಚಯದವಳಿಗೆ ಒಂದು ಏಜೆನ್ಸಿಯವರು ಸ್ಲಿಪ್ಪಿನಲ್ಲಿ ಪಿಎಫ್ ಕಡಿತ ತೋರಿಸಿ ಕಟ್ಟಿಯೇ ಇರಲಿಲ್ಲ. ಕೆಲಸ ಬಿಡುವಾಗಲೇ ಅವಳಿಗೆ ಗೊತ್ತಾದದ್ದು.

ಇನ್ನೊಂದು ಸಂಗತಿ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. "ಮನೆಯಲ್ಲೇ ಕೂತು ಡಾಟಾ ಎಂಟ್ರಿ, ದಿನಕ್ಕೆ ಸಾವಿರ" ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದಕ್ಕೆ ಹೋಗಬೇಡಿ. ಮೊದಲು ರಿಜಿಸ್ಟ್ರೇಷನ್ ಅಂತ ದುಡ್ಡು ಕೇಳುತ್ತಾರೆ. ಇಲ್ಲವೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಕೆಲಸ ಕೊಟ್ಟು, ವಾರದ ಮೇಲೆ "ನಿಮ್ಮ ಎಂಟ್ರಿಯಲ್ಲಿ ತಪ್ಪು ಜಾಸ್ತಿ, ದಂಡ ಕಟ್ಟಿ" ಅಂತ ವಕೀಲರ ನೋಟಿಸಿನ ಹಾಗೆ ಕಾಣುವ ಕಾಗದ ಕಳಿಸುತ್ತಾರೆ. ಹುಡುಗಿಯರು ಹೆದರಿ ಕಟ್ಟಿಬಿಡುತ್ತಾರೆ. ಕಟ್ಟಬೇಡಿ. 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ.

ಮೈ ನೋವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುತ್ತಿಗೆ ಹಿಡಿಯುತ್ತದೆ, ಕಣ್ಣು ಉರಿಯುತ್ತದೆ. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕೆಳಗೆ ಹಳೇ ಲೆಡ್ಜರ್ ಪುಸ್ತಕ ಇಟ್ಟುಕೊಳ್ಳಿ. ನಮ್ಮಲ್ಲಿ ಅವಕ್ಕೆ ಈಗ ಇರುವ ಉಪಯೋಗ ಅದೊಂದೇ.

ಕೊನೆಗೆ ಎಲ್ಲರೂ ಕೇಳುವುದು, ಈ ಎಐ ಬಂದ ಮೇಲೆ ನಮ್ಮ ಕೆಲಸ ಉಳಿಯುತ್ತದಾ ಅಂತ. ಕಡಿಮೆಯಾಗುವುದು ಎಐಗಿಂತ ಮೊದಲೇ ಶುರುವಾಗಿದೆ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿನವರು ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಿದ ಬಿಲ್ಲು, ಮಾಡಲೇಬೇಕು. ದೊಡ್ಡ ಕಂಪನಿಗಳ ಬಿಲ್ಲು ಪೋರ್ಟಲಿನಲ್ಲೇ ಇರುತ್ತದೆ, ಅಲ್ಲಿಂದ ನೇರ ಟ್ಯಾಲಿಗೆ ಎಳೆದುಕೊಳ್ಳಬಹುದು. ಮೊದಲು ಪರ್ಚೇಸ್ ಎಂಟ್ರಿಗೇ ನಮ್ಮಲ್ಲಿ ಒಬ್ಬಳಿದ್ದಳು. ಅವಳು ಮದುವೆಯಾಗಿ ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಇದು ನಿಜ, ಮುಚ್ಚಿಡುವುದು ಯಾಕೆ. ಆದರೆ ಬೀಡಿ ಕಟ್ಟಿನ ಕಾಗದದ ಮೇಲೆ ಬರೆದ "ಖ 5" ಖರ್ಜೂರವೋ ಖಾರದ ಪುಡಿಯೋ ಅಂತ ಕೇಳಲು, ಲಾರಿ ಗುಂಡ್ಯದಲ್ಲಿ ನಿಂತಾಗ ಫೋನ್ ಎತ್ತಲು ಧಣಿಗಳಿಗೆ ಇನ್ನೂ ಒಬ್ಬರು ಬೇಕು. ಎಷ್ಟು ವರ್ಷ ಬೇಕಾಗುತ್ತದೋ ನೋಡೋಣ. ಅಕ್ಕನ ಮಗಳಿಗೆ ಟ್ಯಾಲಿ ಜೊತೆ ಬಿಕಾಂ ಸಂಜೆ ಕಾಲೇಜು ಕೂಡ ಸೇರು ಅಂತ ಹೇಳಿದ್ದೇನೆ. ಅವಳು ಮುಖ ಸಿಂಡರಿಸಿದಳು. ಅವಳಮ್ಮನಿಗೆ ಖುಷಿಯಾಯಿತು.

ಬಯೋಡಾಟಾ ಹೇಗೆ ಬರೆಯುವುದು, ಯಾವ ಸೆಂಟರ್ ಒಳ್ಳೆಯದು ಅಂತ ಕೇಳಬೇಕಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಪ್ರತಿ ತಿಂಗಳು 11ಕ್ಕೆ ಮಾರಾಟದ ಲೆಕ್ಕ ಜಿಎಸ್‌ಟಿಆರ್-1 ಸಲ್ಲಿಸಬೇಕು, 20ಕ್ಕೆ ತೆರಿಗೆ ಕಟ್ಟುವ 3ಬಿ. ಆ ದಿನಗಳಲ್ಲಿ ಮಾತ್ರ ಫೋನ್ ಮಾಡಬೇಡಿ ಮಾರಾಯ್ರೆ.